ಹಂಡೆಯ ನೀರು ಕಾಯದ ದಿನ

ಬದಿಯಡ್ಕದ ಹತ್ತಿರದ ನಮ್ಮೂರ ಗ್ರಂಥಾಲಯದ ಸ್ಮರಣ ಸಂಚಿಕೆಗೆ 1956ರ ಬಗ್ಗೆ ಒಂದು ಲೇಖನ ಬರೆದುಕೊಡಲು ಒಪ್ಪಿಕೊಂಡಿದ್ದೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾದದ್ದು ಆ ವರ್ಷ ನವೆಂಬರ್ 1ಕ್ಕೆ. ಆ ದಿನ ಹೇಗಿತ್ತು ಅಂತ ಅಜ್ಜಿಯನ್ನು ಕೇಳಿದರೆ, "ಹಂಡೆ ನೀರು ಕಾದ್ದೇ ಇಲ್ಲೆ ಮಾಣಿ" ಎಂದು ಸುಮ್ಮನಾದರು.

ಹಳೆಯ ಪಂಚಾಂಗ ಹುಡುಕಿ ತೆಗೆದೆ. ಗುರುವಾರ, ದೀಪಾವಳಿಯ ವಾರ. ಎಣ್ಣೆಸ್ನಾನದ ಹಂಡೆ ಅಜ್ಜಿಯ ಕಲ್ಪನೆಯಲ್ಲ! ಖುಷಿಯಲ್ಲಿ ಮಾವನಿಗೆ ಹೇಳಿದೆ. ಆಗ ಅವರಿಗೆ ಹತ್ತು ವರ್ಷ. "ಸೌದಿ ಚೆಂಡಿ, ಹಾಂಗೆ ಕಾಯದ್ದು. ಮತ್ತೆಂತ?" ಎಂದರು. ಸೌದೆ ಒದ್ದೆಯಾಗಿತ್ತು, ಅಷ್ಟೇ.

ಲೇಖನದಲ್ಲಿ ಹಂಡೆಯನ್ನು ಬಿಟ್ಟೆ. ತಾರೀಕು, ತಾಲೂಕು, ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಮಾಡಿದ ಶಿಫಾರಸು, ಅದು ಕಡತದಲ್ಲೇ ಉಳಿದದ್ದು, ಇಷ್ಟೇ ಬರೆದೆ. ಆದರೂ ಹಂಡೆ ತಲೆಯಿಂದ ಇಳಿಯಲಿಲ್ಲ. ಪದ್ಯಕ್ಕೆ ಕೈಹಾಕಿದೆ.

ಮೊದಲ ಸಲ ಆಯೋಗದ ವರದಿಯನ್ನೇ ಭಾಮಿನಿ ಷಟ್ಪದಿಯಲ್ಲಿ ಹೊಸೆದಿದ್ದೆ (ನನ್ನ ಬುದ್ಧಿಗಿಷ್ಟು!). ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಬರಹವನ್ನು ಛಂದಸ್ಸಿಗೆ ಇಳಿಸಿದರೂ ಅದು ಇತಿಹಾಸವೇ ಎಂದು ಅರಿಸ್ಟಾಟಲ್ ಹೇಳಿದ್ದು ಇಂಥ ಕಸುಬಿಗೇ ಇರಬೇಕು. ನಡೆದದ್ದು ಇತಿಹಾಸಕ್ಕೆ, ನಡೆಯಬಹುದಾದದ್ದು ಕಾವ್ಯಕ್ಕೆ ಎಂಬುದು ಅವನ ಲೆಕ್ಕ. ಆ ಸಲಿಗೆಯಲ್ಲಿ ಎರಡನೆಯ ಸಲ ಇಡೀ ಊರೇ ಅತ್ತಿತು ಅಂತ ಬರೆದುಬಿಟ್ಟೆ. ಮಾವ ಓದಿ, "ಆರೂ ಕೂಗಿದ್ದವಿಲ್ಲೆ. ಆನು ಪಟಾಕಿ ಹೊಟ್ಟುಸಿಂಡು ಇತ್ತಿದ್ದೆ" ಎಂದರು. ಆ ಸಾಲುಗಳನ್ನು ಹರಿದು ಹಾಕಿದೆ. ಅಳು ನಡೆಯಬಹುದಾದದ್ದೇ, ಆದರೆ ಆ ಮನೆಯಲ್ಲಿ, ಆ ಜನರಲ್ಲಿ ಅಲ್ಲ. ಸುಳ್ಳಿಗೆ ಪದ್ಯದಲ್ಲೂ ರಿಯಾಯಿತಿಯಿಲ್ಲ ಅಂತ ಅವತ್ತು ಗೊತ್ತಾಯಿತು.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕಾವ್ಯವನ್ನೂ ಬರೆದರು, ಕಾಲನಿರ್ಣಯದ ಸಂಶೋಧನೆಯನ್ನೂ ಮಾಡಿದರು. ಒಂದೇ ಮೇಜಿನ ಮೇಲೆ ಎರಡನ್ನೂ ಹೇಗೆ ಇಟ್ಟುಕೊಂಡಿದ್ದರೋ!

ಕೊನೆಗೆ ಉಳಿದದ್ದು ಎಂಟು ಸಾಲು. ಅಜ್ಜಿ ಒಲೆ ಊದುತ್ತಾರೆ, ಹೊಗೆ ಬರುತ್ತದೆ, ಹೊರಗೆ ಹುಡುಗ ಪಟಾಕಿ ಹೊಡೆಯುತ್ತಾನೆ, ನೀರು ಕಾಯುವುದಿಲ್ಲ. ಕೇರಳ ಎಂಬ ಶಬ್ದವೇ ಇಲ್ಲ. ಸಂಚಿಕೆಯಲ್ಲಿ ಲೇಖನ, ಪದ್ಯ ಎರಡೂ ಅಚ್ಚಾದವು. ಮಾವ ಕನ್ನಡಕ ಏರಿಸಿ ಎರಡೆರಡು ಸಲ ಓದಿದರು.

"ಅಲ್ಲ ಮಾಣಿ, ಸೌದಿ ಚೆಂಡಿ ಇದ್ದದರ ಎಲ್ಲಿಯೂ ಬರದ್ದಿಲ್ಲೆನ್ನೆ?"