ಉಪಗ್ರಹದ ಅಂಕಿಗಳಿಂದ ಜಮೀನಿನ ಸೌರ ವಿದ್ಯುತ್ತನ್ನು ಅಂದಾಜು ಮಾಡುವ ಬಗೆ

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗೆ ಹರಡಿರುವ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರಲಿ, ಹೊಲದ ಬದಿಯಲ್ಲಿ ಹಾಕಿಸಲು ಹೊರಟ ಹತ್ತು ಕಿಲೊವ್ಯಾಟ್ ಘಟಕವಿರಲಿ, ಆ ನೆಲದ ಮೇಲೆ ವರ್ಷಕ್ಕೆ ಎಷ್ಟು ಬಿಸಿಲು ಬೀಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ನೆಲದಲ್ಲೇ ಅಳೆಯುವುದಾದರೆ ಬಿಸಿಲನ್ನು ಅಳೆಯುವ ಉಪಕರಣವಾದ ಪೈರಾನೋಮೀಟರ್ ನೆಟ್ಟು ಕನಿಷ್ಠ ಒಂದು ವರ್ಷ ಕಾಯಬೇಕು. ಉಪಗ್ರಹಗಳ ದಾಖಲೆಯಾದರೆ ಹದಿನೈದಕ್ಕೂ ಹೆಚ್ಚು ವರ್ಷಗಳದ್ದು ಕುಳಿತಲ್ಲೇ, ಪುಕ್ಕಟೆಯಾಗಿ ಸಿಗುತ್ತದೆ.

ಆದರೆ ಉಪಗ್ರಹವು ನಿಮ್ಮ ಹೊಲದ ಬಿಸಿಲನ್ನು ನೇರವಾಗಿ ಅಳೆಯುವುದಿಲ್ಲ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ಇನ್‌ಸ್ಯಾಟ್-3ಡಿಆರ್ ಆಗಲಿ, ಯುರೋಪಿನ ಮೀಟಿಯೊಸ್ಯಾಟ್ ಆಗಲಿ ಕಾಣುವುದು ಮೋಡದಿಂದ ಮರಳಿ ಬರುವ ಬೆಳಕನ್ನು. ಅದೇ ಜಾಗ ಮೋಡವಿಲ್ಲದ ದಿನ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರೊಡನೆ ಅದನ್ನು ಹೋಲಿಸಿ, ಗಾಳಿಯ ದೂಳು ಮತ್ತು ತೇವಾಂಶದ ಅಂದಾಜನ್ನು ಬೇರೆ ಮೂಲಗಳಿಂದ ಸೇರಿಸಿ, ನೆಲ ಮುಟ್ಟಿರಬಹುದಾದ ಬಿಸಿಲನ್ನು ಲೆಕ್ಕಹಾಕುತ್ತಾರೆ.

ಕೆಲಸ ಆರಂಭಿಸಲು ಯುರೋಪಿಯನ್ ಆಯೋಗದ ಪಿವಿಜಿಐಎಸ್ ಎಂಬ ಉಚಿತ ಜಾಲತಾಣ ಅನುಕೂಲ. ನಕ್ಷೆಯಲ್ಲಿ ನಿಮ್ಮ ಜಮೀನನ್ನು ಗುರುತಿಸಿ, ಮೀಟಿಯೊಸ್ಯಾಟ್ ಆಧಾರಿತ ‘ಸಾರಾ’ ದತ್ತಾಂಶವನ್ನು ಆರಿಸಿ, ಸಾಮರ್ಥ್ಯವನ್ನು 1 ಕಿಲೊವ್ಯಾಟ್ ಎಂದು ಕೊಡಿ. ತಂತಿ, ಇನ್ವರ್ಟರ್, ಫಲಕದ ಮೇಲಿನ ದೂಳು ಇತ್ಯಾದಿಗಳಿಂದಾಗುವ ವ್ಯವಸ್ಥೆಯ ನಷ್ಟ ಶೇ. 14 ಎಂದು ಅಲ್ಲಿ ಮೊದಲೇ ತುಂಬಿರುತ್ತದೆ. ಫಲಕ ತೊಳೆಯಲು ನೀರಿಲ್ಲದ ಬಯಲುಸೀಮೆಯಲ್ಲಿ ಅದನ್ನು ಸ್ವಲ್ಪ ಏರಿಸುವುದೇ ಲೇಸು. ಫಲಕದ ಓರೆಯನ್ನು ಊರಿನ ಅಕ್ಷಾಂಶಕ್ಕೆ ಹತ್ತಿರವಾಗಿ, ಪಾವಗಡಕ್ಕೆ 14 ಡಿಗ್ರಿ ಎಂದು, ಇಡಬಹುದು. ದಿಕ್ಕಿನ ಅಂಕಣದಲ್ಲಿ ಮಾತ್ರ ಎಚ್ಚರ ಬೇಕು: ಇಲ್ಲಿ ದಕ್ಷಿಣವೆಂದರೆ 0. ದಿಕ್ಸೂಚಿಯ ರೂಢಿಯಂತೆ 180 ಎಂದು ಬರೆದರೆ ಫಲಕಗಳು ಉತ್ತರಕ್ಕೆ ತಿರುಗುತ್ತವೆ, ಮತ್ತು ನಮ್ಮ ಅಕ್ಷಾಂಶದಲ್ಲಿ ಇಳುವರಿ ತೀರಾ ಕುಸಿಯದ ಕಾರಣ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಬಂದ ಅಂಕಿಯನ್ನು ಇನ್ನೊಂದು ಮೂಲದೊಡನೆ ಹೋಲಿಸಿ ನೋಡಿ. ವಿಶ್ವ ಬ್ಯಾಂಕಿನ ಗ್ಲೋಬಲ್ ಸೋಲಾರ್ ಅಟ್ಲಾಸ್ ಇದಕ್ಕೆ ಸಾಕು. ನಾಸಾದ ‘ಪವರ್’ ದತ್ತಾಂಶವೂ ಸುಲಭವಾಗಿ ಸಿಗುತ್ತದಾದರೂ ಅದರ ಸೌರ ವಿಕಿರಣದ ಚೌಕ ಒಂದು ಡಿಗ್ರಿಯದು, ಅಂದರೆ ಸುಮಾರು 110 ಕಿ.ಮೀ. ಅಗಲದ್ದು. ಬಯಲುಸೀಮೆಗೆ ಇದು ನಡೆದೀತು; ಆಗುಂಬೆಯಂಥ ಘಟ್ಟದ ಅಂಚನ್ನೂ ಮಳೆ ಕಡಿಮೆಯಾದ ಮೂಡಣ ಸೆರಗನ್ನೂ ಒಂದೇ ಸರಾಸರಿಗೆ ಕಟ್ಟುವ ಮಲೆನಾಡಿನಲ್ಲಿ ಅದನ್ನು ನಂಬಲಾಗದು.

ವರ್ಷದ ಸರಾಸರಿಯನ್ನೇ ಆದಾಯವೆಂದು ಬಗೆದು ಸಾಲ ಮಾಡಬಾರದು, ಏಕೆಂದರೆ ಸುಮಾರು ಅರ್ಧದಷ್ಟು ವರ್ಷಗಳಲ್ಲಿ ಇಳುವರಿ ಅದಕ್ಕಿಂತ ಕಡಿಮೆ ಇರುತ್ತದೆ. ಹತ್ತರಲ್ಲಿ ಒಂಬತ್ತು ವರ್ಷ ಕೈಸೇರಬಹುದಾದ ಮೊತ್ತವನ್ನು ಪಿ-90 ಎನ್ನುತ್ತಾರೆ. ಉದಾಹರಣೆಗೆ 1 ಕಿಲೊವ್ಯಾಟ್‌ಗೆ ವರ್ಷಕ್ಕೆ ಸರಾಸರಿ 1,550 ಯೂನಿಟ್, ವರ್ಷದಿಂದ ವರ್ಷಕ್ಕೆ ಏರಿಳಿತ 40 ಯೂನಿಟ್ ಎಂದು ಪಿವಿಜಿಐಎಸ್ ತೋರಿಸಿತೆನ್ನಿ. ಏರಿಳಿತವನ್ನು ಪಿ-90ಕ್ಕೆ ಸಂಖ್ಯಾಶಾಸ್ತ್ರ ಕೊಡುವ ಗುಣಕವಾದ 1.28ರಿಂದ ಗುಣಿಸಿ ಸರಾಸರಿಯಿಂದ ಕಳೆದರೆ ಸುಮಾರು 1,500 ಉಳಿಯುತ್ತದೆ. ಇದು ಹವೆಯ ಏರುಪೇರು ಮಾತ್ರ. ಉಪಗ್ರಹದ ಲೆಕ್ಕಾಚಾರದಲ್ಲೇ ಶೇ. 5ರ ಅನಿಶ್ಚಿತತೆ ಇದೆಯೆಂದು ಹಿಡಿದರೆ ಅದು ಸುಮಾರು 78 ಯೂನಿಟ್. ಈ 78 ಮತ್ತು ಮೊದಲಿನ 40ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 87 ಬರುತ್ತದೆ; ಅದನ್ನೂ 1.28ರಿಂದ ಗುಣಿಸಿ ಸರಾಸರಿಯಿಂದ ಕಳೆದರೆ ಸುರಕ್ಷಿತ ಅಂಕಿ 1,440ರ ಆಸುಪಾಸಿಗೆ ಇಳಿಯುತ್ತದೆ. ಬ್ಯಾಂಕಿನ ಮುಂದೆ ಇಡಬೇಕಾದದ್ದು ಇದನ್ನೇ.

ತಿಂಗಳುವಾರು ಪಟ್ಟಿಯನ್ನೂ ಓದಿ: ಮಾರ್ಚ್‌ನ ಇಳುವರಿಯನ್ನು ಜುಲೈನಲ್ಲಿ ನಿರೀಕ್ಷಿಸುವಂತಿಲ್ಲ. ಸುತ್ತಲಿನ ಗುಡ್ಡಗಳ ನೆರಳನ್ನು ಪಿವಿಜಿಐಎಸ್ ಲೆಕ್ಕಕ್ಕೆ ಹಿಡಿಯುತ್ತದೆ, ಬದುವಿನ ತೆಂಗಿನ ಮರದ ನೆರಳನ್ನು ಹಿಡಿಯದು. ಸೂರ್ಯ ತಗ್ಗಿ ಸಾಗುವ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಜಾಗದಲ್ಲಿ ನಿಂತು, ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂದು ಗೂಟ ನೆಟ್ಟು ಗುರುತಿಸಿಕೊಳ್ಳಿ.