ಹಂಡೆಗೆ ಬಳ್ಳಿ ಕಟ್ಟುವ ಮುನ್ನ ಹೊಗೆಕೊಳವೆಯ ಮಸಿ ತೆಗೆಯಿರಿ

ನೀರು ತುಂಬುವ ಹಬ್ಬದ ದಿನ ಮಲೆನಾಡಿನ ಬಚ್ಚಲುಮನೆಯ ಹಂಡೆಗೆ ಸಿಗುವ ಮರ್ಯಾದೆ ವರ್ಷದ ಬೇರೆ ಯಾವ ದಿನವೂ ಸಿಗುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಅದೇ ಹಂಡೆಯ ಬೆನ್ನಿಗೆ ಗೋಡೆಯನ್ನು ಹಿಡಿದು ಮೇಲೇರಿ, ಹಂಚಿನ ಮಾಡನ್ನು ದಾಟಿ ಹೊರಗೆ ತಲೆಯೆತ್ತಿ ನಿಂತ ಹೊಗೆಕೊಳವೆಯನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಮಳೆಗಾಲವಿಡೀ ತೇವದ ಸೌದೆಯ ಹೊಗೆ ನುಂಗಿದ ಆ ಕೊಳವೆಯನ್ನು ಚಳಿಗಾಲದ ಬೆಂಕಿಗೆ ಅಣಿಗೊಳಿಸಲು ದೀಪಾವಳಿಗೆ ಮುಂಚಿನ ಒಂದು ಒಣ ಬೆಳಗು ಸಾಕು.

ಅಡುಗೆ ಒಲೆಗಿಂತ ಬಚ್ಚಲೊಲೆಯ ಕೊಳವೆ ಬೇಗ ಕಟ್ಟಿಕೊಳ್ಳುವುದಕ್ಕೆ ಕಾರಣವಿದೆ. ಅಡುಗೆಯ ಉರಿಯ ಮುಂದೆ ಒಬ್ಬರಾದರೂ ಕುಳಿತಿರುತ್ತಾರೆ. ಬಚ್ಚಲೊಲೆಗಾದರೋ ಒಂದು ಕುಂಟೆ, ಅದರ ಸುತ್ತ ಅಡಿಕೆ ಸಿಪ್ಪೆ ಇಲ್ಲವೇ ತೆಂಗಿನ ಸಿಪ್ಪೆ ತುರುಕಿ, ನೀರು ಸಂಜೆಯವರೆಗೂ ಬಿಸಿಯಾಗಿರಲೆಂದು ಹೊಗೆಯಾಡಲು ಬಿಟ್ಟುಬಿಡುತ್ತೇವೆ. ಹಂಡೆಯ ತಣ್ಣೀರು ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ ಹೊಗೆ ಕೊಳವೆಯನ್ನು ಸೇರುವಾಗಲೇ ಅರ್ಧ ತಣಿದಿರುತ್ತದೆ. ಹೊಗೆಯ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರಲ್ಲಿರುವ ನೀರಾವಿ ಮತ್ತು ಪೂರ್ತಿ ಉರಿಯದ ಮರದ ರಸಗಳು ಕೊಳವೆಯ ಒಳಮೈಯಲ್ಲಿ ಬೆವರಿನಂತೆ ಇಳಿದು ಅಂಟಿಕೊಳ್ಳುತ್ತವೆ. ಕ್ರಿಯೋಸೋಟ್ ಎಂದು ಕರೆಯುವ ಈ ಅಂಟು ಮೊದಲು ಪುಡಿ ಮಸಿಯಾಗಿ, ಆಮೇಲೆ ಹಕ್ಕಳೆಯಾಗಿ, ಕೊನೆಗೆ ಡಾಂಬರು ಬಳಿದಂತೆ ಹೊಳೆಯುವ ಗಟ್ಟಿ ಪದರವಾಗಿ ಬೆಳೆಯುತ್ತದೆ. ಇದು ಚೆನ್ನಾಗಿ ಉರಿಯುವ ವಸ್ತು. ಒಮ್ಮೆ ಹೊತ್ತಿಕೊಂಡರೆ ಕೊಳವೆಯ ಒಳಗಿನ ಶಾಖ ಸಾವಿರ ಡಿಗ್ರಿಯನ್ನು ಮೀರಬಲ್ಲದು. ಕೊಳವೆಯ ಪಕ್ಕದಲ್ಲಿಯೇ ಮರದ ಪಕಾಸು, ಅಟ್ಟದ ಮೇಲೆ ಒಣಗಿದ ಸೋಗೆ ಇರುವ ಮನೆಯಲ್ಲಿ ಮುಂದೇನಾಗುತ್ತದೆಂದು ವಿವರಿಸಬೇಕಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಕೊಳವೆ ಯಾವುದರದೆಂದು ತಿಳಿದುಕೊಳ್ಳಿ. ತಗಡಿನದು, ಇಟ್ಟಿಗೆಯದು ಆದರೆ ತೊಂದರೆಯಿಲ್ಲ. ಆದರೆ ಹಳೆಯ ಮನೆಗಳ ಬೂದು ಬಣ್ಣದ ‘ಸಿಮೆಂಟ್ ಪೈಪು’ ಅನೇಕ ವೇಳೆ ಕಲ್ನಾರು ಬೆರೆಸಿದ್ದಾಗಿರುತ್ತದೆ. ಕಲ್ನಾರಿನ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಹೊರಬರುವುದಿಲ್ಲ, ವರ್ಷಗಳ ನಂತರ ಕ್ಯಾನ್ಸರಿಗೂ ಕಾರಣವಾಗಬಲ್ಲವು. ಅಂಥ ಕೊಳವೆಯನ್ನು ತಂತಿ ಬ್ರಷ್‌ನಿಂದ ಉಜ್ಜಬಾರದು, ಗರಗಸದಿಂದ ಕುಯ್ಯಬಾರದು, ಒಡೆಯಬಾರದು. ಹೆಚ್ಚು ಶಾಖಕ್ಕೆ ಅದು ಸೀಳುವುದೂ ಉಂಟು. ಅದನ್ನು ನೀರು ಚಿಮುಕಿಸಿ, ಇಡಿಯಾಗಿ ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತೆಗೆದಿಟ್ಟು ಲೋಹದ ಕೊಳವೆ ಹಾಕಿಸುವುದೇ ಸರಿ. ಶುಚಿ ಮಾಡುವ ಶ್ರಮಕ್ಕಿಂತ ಆ ಖರ್ಚು ಮೇಲು ಎಂಬುದು ನನ್ನ ಅಭಿಪ್ರಾಯ.

ಹಿಂದಿನ ದಿನವೇ ಬೆಂಕಿ ನಿಲ್ಲಿಸಿ. ಬೂದಿಯ ಅಡಿಯಲ್ಲಿ ಕೆಂಡ ಒಂದು ಹಗಲು, ಒಂದು ರಾತ್ರಿ ಜೀವ ಹಿಡಿದಿರಬಲ್ಲದು. ಆದ್ದರಿಂದ ಬೂದಿಯನ್ನು ತಗಡಿನ ಬಕೆಟ್ಟಿಗೆ ತುಂಬಿ ಅಂಗಳದಲ್ಲಿಡಬೇಕೇ ಹೊರತು ಹಾಳೆಯಲ್ಲಾಗಲಿ ಪ್ಲಾಸ್ಟಿಕ್ ಬುಟ್ಟಿಯಲ್ಲಾಗಲಿ ತುಂಬಿಡಬಾರದು. ಮರುದಿನ ಒಲೆಯ ಬಾಯಿಗೆ ಒದ್ದೆ ಗೋಣಿ ಹೊದಿಸಿ. ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗವಸು, ತುಂಬು ತೋಳಿನ ಅಂಗಿ ಇರಲಿ. ಮಸಿ ಮೈಗೆ ಹತ್ತಿದರೇನು, ತೊಳೆದರಾಯಿತು ಎನ್ನುವವರಿಗೆ ಒಂದು ಮಾತು: 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಹೊಗೆಗೂಡು ಗುಡಿಸುವವರಲ್ಲಿ ಕಂಡ ಚರ್ಮದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ತೋರಿಸಿದ್ದರು. ಕೆಲಸದಿಂದ ರೋಗ ಬರುತ್ತದೆಂದು ಗುರುತಿಸಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು.

ಇನ್ನು ಉಜ್ಜುವ ಕೆಲಸ. ಬಚ್ಚಲೊಲೆಯ ಕೊಳವೆ ಸಾಮಾನ್ಯವಾಗಿ ನಾಲ್ಕು ಅಂಗುಲದ್ದು, ಹೆಚ್ಚು ಎತ್ತರದ್ದೂ ಅಲ್ಲ. ಹಾಗಾಗಿ ಆದಷ್ಟೂ ಕೆಳಗಿನಿಂದಲೇ ಉಜ್ಜುವುದು ಕ್ಷೇಮ. ಮಳೆಗಾಲ ಮುಗಿದ ಹೊಸತರಲ್ಲಿ ಹಂಚಿನ ಮೇಲೆ ಪಾಚಿ ಹಸಿಯಾಗಿಯೇ ಇರುತ್ತದೆ, ಕಾಲು ಜಾರುವುದು ಅಲ್ಲಿಯೇ. ಕೊಳವೆಗಿಂತ ತುಸು ದಪ್ಪನೆಯ ದುಂಡು ತಂತಿ ಬ್ರಷ್ಷನ್ನು ಬಿದಿರಿನ ಗಳುವಿಗೋ ಅಡಿಕೆ ದಬ್ಬೆಗೋ ಭದ್ರವಾಗಿ ಬಿಗಿದು, ಮೇಲಕ್ಕೆ ಪೂರ್ತಿ ತಳ್ಳಿ, ಪೂರ್ತಿ ಎಳೆದು, ಉದುರುವ ಮಸಿ ನಿಲ್ಲುವವರೆಗೆ ಉಜ್ಜಬೇಕು. ಕೊಳವೆ ಉದ್ದವಾಗಿದ್ದರೆ ಬ್ರಷ್ಷಿನ ಎರಡೂ ತುದಿಗೆ ಹಗ್ಗ ಕಟ್ಟಿ, ಒಬ್ಬರು ಏಣಿಯ ಮೇಲೆ ನಿಂತು, ಇನ್ನೊಬ್ಬರು ಕೆಳಗೆ ಕುಳಿತು ಗರಗಸ ಎಳೆದಂತೆ ಎಳೆಯಬಹುದು. ಬ್ರಷ್ ಸಿಗದಿದ್ದರೆ ತೆಂಗಿನ ನಾರಿನ ದಪ್ಪ ಉಂಡೆಯೂ ನಡೆಯುತ್ತದೆ, ಆದರೆ ಅದು ಪುಡಿ ಮಸಿಗಷ್ಟೇ.

ಹೆಚ್ಚಿನವರು ಇಲ್ಲಿಗೆ ಕೈ ತೊಳೆದುಬಿಡುತ್ತಾರೆ. ನಿಜವಾದ ಕಸ ಇರುವುದು ಕೊಳವೆ ಬಾಗುವ ಜಾಗದಲ್ಲಿ. ನೇರ ಭಾಗದಿಂದ ಉದುರಿದ್ದೆಲ್ಲ ಆ ಬಾಗಿನಲ್ಲಿ ಕುಳಿತು ಮೊದಲಿಗಿಂತ ಬಿಗಿಯಾಗಿ ದಾರಿ ಕಟ್ಟುತ್ತದೆ. ಬಾಗು ಬಿಚ್ಚಲು ಬರುವುದಾದರೆ ಬಿಚ್ಚಿ ಅಂಗಳಕ್ಕೆ ತಂದು ಮರದ ತುಂಡಿನಿಂದ ತಟ್ಟಿ. ಬಾರದಿದ್ದರೆ ಹಂಡೆಯ ಹಿಂಬದಿಯಲ್ಲಿ ಹೊಗೆ ಕೊಳವೆಗೆ ಸೇರುವ ಕಂಡಿಯಿಂದ ಉದ್ದ ಹಿಡಿಯ ಸೌಟು ತೂರಿಸಿ ಬಳಿದು ತೆಗೆಯಿರಿ. ಗಾರೆಯವರಿಂದ ಹೊಸ ಒಲೆ ಕಟ್ಟಿಸುವವರು ಬಾಗಿನ ಬುಡದಲ್ಲಿ ಮುಚ್ಚಳವಿರುವ ಒಂದು ಬಾಯಿ ಇಡಿಸಿಕೊಂಡರೆ ಈ ಪಾಡು ತಪ್ಪುತ್ತದೆ. ಮೇಲ್ತುದಿಯ ತಗಡಿನ ಟೋಪಿಯನ್ನೂ ತೆಗೆದು ನೋಡಬೇಕು. ಬೇಸಿಗೆಯಲ್ಲಿ ಒಲೆ ಉರಿಸದ ಮನೆಯಾದರೆ ಅಲ್ಲಿ ಹಕ್ಕಿಯ ಗೂಡೋ ಕಣಜದ ಗೂಡೋ ಇರುವ ಸಂಭವ ಹೆಚ್ಚು.

ಶುಚಿಯಾಯಿತೇ ಎಂದು ತಿಳಿಯಲು ಕೆಳಗಿನ ಬಾಯಿಯಲ್ಲಿ ಒಂದು ಕೈಗನ್ನಡಿ ಹಿಡಿಯಿರಿ. ನೇರ ಕೊಳವೆಯಾದರೆ ಅದರಲ್ಲಿ ಆಕಾಶ ದುಂಡಗೆ, ಅಂಚು ಮುಕ್ಕಾಗದೆ ಕಾಣಬೇಕು. ಒಳಮೈಯನ್ನು ಮೊಳೆಯಿಂದ ಗೀರಿ ನೋಡಿದಾಗ ಪದರ 3 ಮಿಲಿಮೀಟರಿನಷ್ಟು ದಪ್ಪ ಉಳಿದಿದ್ದರೆ ಇನ್ನೊಮ್ಮೆ ಉಜ್ಜಬೇಕು. ಗೀರಿದರೂ ಏಳದ ಹೊಳಪಿನ ಪದರ ಕಂಡರೆ ಬ್ರಷ್ಷಿನಿಂದ ಅದು ಹೋಗುವುದಿಲ್ಲ; ಆ ತುಂಡನ್ನೇ ಬದಲಿಸಬೇಕು. ಒಣಗಿದ ತೆಂಗಿನ ಗರಿ ತುರುಕಿ ಧಗಧಗ ಉರಿಸಿ ಮಸಿ ‘ಸುಟ್ಟುಬಿಡುವ’ ಪದ್ಧತಿಯೊಂದಿದೆ. ಕೊಳವೆಗೆ ನಾವೇ ಕೈಯಾರೆ ಬೆಂಕಿ ಇಡುವುದೆಂದರೆ ಅದೇ. ಸೀಮೆಎಣ್ಣೆಯ ಮಾತಂತೂ ಬೇಡ.

ಕೊಳವೆ ಮಾಡನ್ನು ದಾಟುವ ಜಾಗದಲ್ಲಿ ಒಂದೇ ಪದರದ ತಗಡಿನ ಕೊಳವೆಗೂ ಮರಕ್ಕೂ ಸುಮಾರು ಒಂದೂವರೆ ಅಡಿ ಅಂತರವಿರಬೇಕು. ನಮ್ಮಲ್ಲಿ ಪಕಾಸು, ರೀಪುಗಳು ಕೊಳವೆಗೆ ಮುಟ್ಟಿಕೊಂಡೇ ಇರುವುದು ಹೆಚ್ಚು. ಅಲ್ಲಿ ಮರವನ್ನು ಹಿಂದಕ್ಕೆ ಸರಿಸಿ ಆ ಭಾಗವನ್ನು ತಗಡಿನಿಂದ ಮುಚ್ಚಿಸಿ, ಅಟ್ಟದ ಸೋಗೆ, ಗೋಣಿಗಳನ್ನು ದೂರ ಇಡಿ. ಕೊಳವೆಯ ತುದಿ ಮಾಡಿನಿಂದ ಮೂರು ಅಡಿಯಾದರೂ ಮೇಲಿರಬೇಕು, ಸುತ್ತ ಹತ್ತು ಅಡಿಯೊಳಗಿನ ಯಾವುದೇ ಮಾಡಿಗಿಂತ ಎರಡು ಅಡಿ ಎತ್ತರವಿರಬೇಕು; ಇಲ್ಲವಾದರೆ ಗಾಳಿ ಹೊಗೆಯನ್ನು ಒಳಕ್ಕೇ ಒತ್ತುತ್ತದೆ.

ಹೀಗೆ ಒತ್ತಿದ ಹೊಗೆಯಲ್ಲಿ ಕಣ್ಣು ಉರಿಸುವುದಕ್ಕಿಂತ ಕಣ್ಣಿಗೆ ಕಾಣದ್ದೇ ಅಪಾಯ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಗ್ಯಾಸ್ ಗೀಸರಿನಿಂದಾಗುವ ಸಾವಿನ ಸುದ್ದಿಯನ್ನು ಓದಿದವರು ಬಚ್ಚಲೊಲೆಯ ಕೆಂಡವೂ ಅದೇ ಅನಿಲವನ್ನು ಉಗುಳುತ್ತದೆಂದು ಮರೆಯಬಾರದು. ಒಲೆಯ ಬಾಯಿ ಬಚ್ಚಲಿನೊಳಗೇ ಇದ್ದರೆ ಕಿಟಕಿ ತೆರೆದೇ ಸ್ನಾನ ಮಾಡಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.

ಮಸಿ ಮತ್ತೆ ಬೇಗ ಕಟ್ಟದಿರಬೇಕಾದರೆ ಸೌದೆ ಒಣಗಿರಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿಸುವಾಗ ಅದು ಶೇ 20ಕ್ಕಿಂತ ಕಡಿಮೆ ಇರಬೇಕು. ಸೀಳಿ, ಮಾಡಿನ ಕೆಳಗೆ ಒಟ್ಟಿ, ಒಂದು ಬೇಸಿಗೆ ಕಳೆಯಲು ಬಿಡಿ. ಎರಡು ತುಂಡು ಬಡಿದಾಗ ಟಣ್ ಎಂದರೆ ಒಣಗಿದೆ ಎಂದರ್ಥ. ಹಗಲಿಡೀ ಹೊಗೆಯಾಡಿಸುವ ಬದಲು ಸ್ನಾನಕ್ಕೆ ಮುಂಚೆ ಚುರುಕಾಗಿ ಉರಿಸಿ ಮುಗಿಸಿ.

ಇಷ್ಟಾಗಿಯೂ ಕೊಳವೆಯಿಂದ ರೈಲು ಬಂದಂತೆ ಮೊರೆತ ಕೇಳಿದರೆ, ತುದಿಯಲ್ಲಿ ಕಿಡಿ ಹಾರಿದರೆ, ಒಲೆಯ ಬಾಯನ್ನು ತಗಡಿನಿಂದ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಕಾದ ಕೊಳವೆಯೊಳಗೆ ನೀರು ಸುರಿಯಬೇಡಿ, ಅದು ಸಿಡಿಯುತ್ತದೆ. ಬೆಂಕಿ ತಾನಾಗಿ ಆರಿದರೂ ಬಿರುಕು ನೋಡಿಸದೆ ಮತ್ತೆ ಒಲೆ ಹೊತ್ತಿಸಬಾರದು.

ಕೊನೆಗೆ ಉಳಿಯುವುದು ಕಸ. ಒಲೆಯ ಬೂದಿ ತಣಿದ ಮೇಲೆ ತೆಂಗಿನ ಬುಡಕ್ಕೆ ಹೋಗಲಿ. ಕೊಳವೆಯಿಂದ ಬಂದ ಮಸಿಯನ್ನು ಮಾತ್ರ ತರಕಾರಿ ಮಡಿಗೆ ಹಾಕದೆ, ಬಾವಿಯಿಂದ ದೂರದಲ್ಲಿ ಗುಂಡಿ ತೆಗೆದು ಮುಚ್ಚಿ.