ಎಮ್ಮೆ ಬಿದ್ದ ಮೊದಲ ಮೂರು ದಿನ

2020ರ ಜನವರಿಯಲ್ಲಿ ಗೋವಾದ ಸತ್ತರಿ ತಾಲ್ಲೂಕಿನ ಗೋಳಾವಲಿಯಲ್ಲಿ, ಮಹದಾಯಿ ಅಭಯಾರಣ್ಯದೊಳಗೆ, ಕೆಲವೇ ದಿನಗಳ ಅಂತರದಲ್ಲಿ 4 ಹುಲಿಗಳ ಹೆಣ ಸಿಕ್ಕವು. ವಿಷಪ್ರಾಶನ ಎಂದು ಗೊತ್ತಾಯಿತು. ದನ ಕಳೆದುಕೊಂಡಿದ್ದ ಮನೆಯವರೇ ಬಂಧನಕ್ಕೊಳಗಾದರು. ನಾನಾಗ ಫೋಂಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಸುದ್ದಿ ಓದಿದಾಗ ಕಣ್ಣ ಮುಂದೆ ಬಂದದ್ದು ಯಲ್ಲಾಪುರದ ನಮ್ಮ ಮನೆಗೆ ಹಾಲು ಹಾಕುತ್ತಿದ್ದ, ಎಮ್ಮೆ ಸಾಕಿ ಬದುಕುವ ಗೌಳಿ ಸಮುದಾಯದ ಹೆಂಗಸು. ಒಂದು ಎಮ್ಮೆ ಹೋದರೆ ಆ ಮನೆಯ ಒಲೆ ಹೇಗೆ ತಣ್ಣಗಾಗುತ್ತದೆ ಎಂಬುದನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೆ.

ಗೋವಾದ ಕನ್ನಡದವರು ಏಳೆಂಟು ಮಂದಿ ಸೇರಿ ಹುಲಿಗಳಿಗಾಗಿ ದುಡ್ಡು ಕೂಡಿಸಲು ಶುರುಮಾಡಿದೆವು. ಮೊದಲ ವರ್ಷ ಮಾಡಿದ್ದೆಲ್ಲ ತಪ್ಪು. ಸಸಿ ನೆಟ್ಟೆವು, ಶಾಲೆಗಳಿಗೆ ಹೋಗಿ ಹುಲಿಯ ಬಗ್ಗೆ ಮಾತಾಡಿದೆವು. ಆಮೇಲೊಮ್ಮೆ ಕಾಡಂಚಿನ ಗೌಳಿವಾಡೆಯೊಂದಕ್ಕೆ, ಅಂದರೆ ಗೌಳಿಗಳ ಕೇರಿಗೆ, ಹೋದಾಗ ವಯಸ್ಸಾದ ಮಾವಶಿಯೊಬ್ಬಳು ಮಾಡಿನ ಸಂದಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದು ಬಿಚ್ಚಿದಳು. ಒಳಗೆ ಉಪ್ಪು ಸವರಿದ ಎಮ್ಮೆಯ ಕಿವಿ. ಅದಕ್ಕೆ ಗುರುತಿನ ನಂಬರಿನ ಹಳದಿ ಬಿಲ್ಲೆ ಇನ್ನೂ ಅಂಟಿಕೊಂಡಿತ್ತು. ಪರಿಹಾರ ಬೇಕಾದರೆ ಬಿಲ್ಲೆಯ ನಂಬರ್ ಬೇಕು ಎಂದು ಯಾರೋ ಹೇಳಿದ್ದರಂತೆ. ಅವಳಿಗೆ ಓದಲು ಬಾರದು, ಅದಕ್ಕೇ ಕಿವಿಯನ್ನೇ ಕತ್ತರಿಸಿ ಇಟ್ಟುಕೊಂಡಿದ್ದಳು. ವಾಪಸು ಬರುವಾಗ ದಾರಿಯುದ್ದಕ್ಕೂ ನಾವು ಯಾರೂ ಮಾತಾಡಲಿಲ್ಲ. ನಮ್ಮ ದುಡ್ಡು ಎಲ್ಲಿಗೆ ಹೋಗಬೇಕೆಂಬುದು ಅಂದೇ ತೀರ್ಮಾನವಾಯಿತು.

ಬೇಟೆಯಾಡಿದ ಹುಲಿ ಒಂದೇ ದಿನದಲ್ಲಿ ಎಮ್ಮೆಯನ್ನು ತಿಂದು ಮುಗಿಸುವುದಿಲ್ಲ. ಮೂರ್ನಾಲ್ಕು ದಿನ ಅದೇ ಹೆಣದ ಹತ್ತಿರ ಬರುತ್ತಿರುತ್ತದೆ. ಮನೆಯವರ ಸಂಕಟ, ಸಿಟ್ಟು ಕುದಿಯುವುದೂ ಅದೇ ಮೂರ್ನಾಲ್ಕು ದಿನ. ಹೆಣಕ್ಕೆ ವಿಷ ಬೀಳುವುದಾದರೆ ಆಗಲೇ. ಸರ್ಕಾರಿ ಪರಿಹಾರಕ್ಕೆ ಪಂಚನಾಮೆ, ಪಶುವೈದ್ಯರ ವರದಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಆಗಬೇಕು, ಅದು ಮೂರು ದಿನದಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ನಮ್ಮ ನಿಧಿಗೆ ಒಂದೇ ಕೆಲಸ ಇಟ್ಟೆವು. ಎಮ್ಮೆ ಬಿದ್ದ ಮೂರು ದಿನದೊಳಗೆ ಮನೆಯವರ ಕೈಗೆ ಒಂದಿಷ್ಟು ಹಣ. ಅದು ಎಮ್ಮೆಯ ಪೂರ್ತಿ ಬೆಲೆಯಲ್ಲ, ಆದರೆ ಹಿಂಡಿಗೆ, ರೇಷನ್ನಿಗೆ ಆಗುವಷ್ಟು. ಸರ್ಕಾರದ ಹಣ ಆಮೇಲೆ ಬಂದರೆ ಅದೂ ಅವರದೇ. ಷರತ್ತು ಒಂದೇ: ಹೆಣವನ್ನು ಬಿದ್ದಲ್ಲೇ ಬಿಡಬೇಕು. ಎಳೆದು ಹಾಕಿದರೆ ಹಸಿದ ಹುಲಿ ಇನ್ನೊಂದು ದನಕ್ಕೆ ಬರುತ್ತದೆ. ಇದೇನೂ ನಮ್ಮ ಹೊಸ ಯೋಚನೆಯಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನ ಸುತ್ತಮುತ್ತ ಇಂಥ ಮಧ್ಯಂತರ ಪರಿಹಾರ ಬಹಳ ವರ್ಷಗಳಿಂದ ನಡೆದಿದೆ.

ಹಣ ತರುವುದೇ ಕಷ್ಟದ ಭಾಗ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ವನ್ಯಜೀವಿ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಅದಕ್ಕೆ ನೋಂದಾಯಿತ ಟ್ರಸ್ಟ್ ಬೇಕಿತ್ತು, ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕಿತ್ತು, 2021ರ ನಂತರ ಕಂಪನಿಗಳ ಇಂಥ ಹಣ ಪಡೆಯುವವರ ಸಿಎಸ್‌ಆರ್-1 ನೋಂದಣಿ ಕೂಡ ಬೇಕಿತ್ತು. ನಮಗೆ ಇದ್ಯಾವುದೂ ಇರಲಿಲ್ಲ. ಪರಿಚಯದ ಹಳೆಯ ಟ್ರಸ್ಟೊಂದರ ಅಡಿಯಲ್ಲಿ ಅರ್ಜಿ ಹಾಕಿದೆವು. ಕಂಪನಿಯವರು ಒಪ್ಪಿದರು, ಆದರೆ ಎಷ್ಟು ಎಮ್ಮೆ ಸಾಯುತ್ತವೆ ಎಂದು ಮೊದಲೇ ಬರೆದುಕೊಡಿ, ಮಾರ್ಚ್ ಒಳಗೆ ಖರ್ಚು ತೋರಿಸಿ ಎಂದರು. ಅದನ್ನು ಯಾರು ತಾನೇ ಬರೆದುಕೊಡಬಲ್ಲರು? ಕೊನೆಗೆ ಹಣವನ್ನೇ ಎರಡು ಪಾಲು ಮಾಡಿದೆವು. ಕಂಪನಿಯ ಹಣದಲ್ಲಿ ಕೊಟ್ಟಿಗೆಗಳಿಗೆ ಗಟ್ಟಿ ಜಾಲರಿ, ಬಾಗಿಲು. ಅವನ್ನು ಎಣಿಸಿ ತೋರಿಸಬಹುದು, ರಾತ್ರಿ ಕರುವಿಗೆ ಬರುವ ಚಿರತೆಯನ್ನೂ ತಡೆಯುತ್ತವೆ. ಹಗಲಲ್ಲಿ ಮೇಯುವ ಎಮ್ಮೆಯ ಮೇಲೆ ಬೀಳುವ ಹುಲಿಯನ್ನು ಜಾಲರಿ ತಡೆಯುವುದಿಲ್ಲ. ಹಾಗೆ ಬಿದ್ದ ಎಮ್ಮೆಯ ಪರಿಹಾರಕ್ಕೆ ನಮ್ಮವರ ತಿಂಗಳ ಇನ್ನೂರು ರೂಪಾಯಿ. ಮಡಗಾಂವ್, ವಾಸ್ಕೋದ ಕನ್ನಡಿಗರಲ್ಲಿ ಹೋಟೆಲಿನವರು, ಟೀಚರುಗಳು, ಗಾರೆ ಕೆಲಸದವರೂ ಕೊಡುತ್ತಿದ್ದಾರೆ. ಈ ಸಣ್ಣ ಹಣವೇ ನಿಧಿಯ ಬೆನ್ನೆಲುಬು ಎಂದು ನನ್ನ ನಂಬಿಕೆ. ಇದಕ್ಕೆ ಮಾರ್ಚ್ ಇಲ್ಲ.

ಒಂದು ಸಲ ಎಡವಿದೆವು. ಚೌತಿಗೆ ನಾನು ಊರಿಗೆ ಹೋಗಿದ್ದಾಗ ಒಂದು ಎಮ್ಮೆ ಬಿತ್ತು, ಚೆಕ್ಕಿಗೆ ಇಬ್ಬರ ಸಹಿ ಬೇಕಿತ್ತು. ಹಣ ಮುಟ್ಟಿದ್ದು ಹನ್ನೊಂದನೇ ದಿನ. ಆ ಮನೆಯವ ವಿಷವಿಡಲಿಲ್ಲ, ಹೆಣ ಹೂತಿದ್ದ. ನನ್ನ ಮುಖ ನೋಡಿ ಮಾತಾಡಲೂ ಇಲ್ಲ. ಅಂದಿನಿಂದ ಒಂದಿಷ್ಟು ಹಣ ವಾಡೆಯ ಸ್ವಸಹಾಯ ಗುಂಪಿನ ಹೆಂಗಸರ ಬಳಿಯೇ ಇರುತ್ತದೆ. ಸತ್ತದ್ದು ಹುಲಿಯಿಂದಲೋ ರೋಗದಿಂದಲೋ ಎಂದು ನೋಡಿ ಹೇಳುವವರೂ ಅವರೇ. ದುಡ್ಡು ದುರುಪಯೋಗವಾದೀತು ಎಂದು ನಮ್ಮಲ್ಲಿ ಕೆಲವರು ಹೆದರಿದ್ದರು. ಲೆಕ್ಕ ನೋಡುವವನು ನಾನು. ಇದುವರೆಗೆ ಒಂದು ರೂಪಾಯಿಯೂ ತಪ್ಪಿಲ್ಲ. ರೋಗದಿಂದ ಸತ್ತ ತಮ್ಮದೇ ನೆಂಟರ ಎಮ್ಮೆಗೆ ಅವರು ಹಣ ಕೊಡಲಿಲ್ಲ.

2023ರ ಜುಲೈನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಹದಾಯಿ ಸೇರಿದ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಲು ಹೇಳಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ವಾಡೆಗಳಲ್ಲಿ ತಮ್ಮನ್ನು ಕಾಡಿನಿಂದ ಎಬ್ಬಿಸುತ್ತಾರೆ ಎಂಬ ಭಯ ಹಬ್ಬಿತು. ಹುಲಿಯ ಪರ ದುಡ್ಡು ಕೂಡಿಸುವ ನಾವು, ಕಾಡಿನಲ್ಲಿ ಬಾಳುವವರ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ತುಂಬಲೂ ಅವರ ಜೊತೆ ಕೂರಬೇಕು ಎಂದು ಹಟ ಹಿಡಿದೆ. ಇಬ್ಬರು ಇದಕ್ಕಾಗಿಯೇ ಬಳಗ ಬಿಟ್ಟರು. ನನಗೆ ಬೇಸರವಿದೆ, ಪಶ್ಚಾತ್ತಾಪವಿಲ್ಲ.

ಈಗ ಪ್ರತಿ ದನದ ಬಿಲ್ಲೆಯ ನಂಬರನ್ನೂ ಗುಂಪಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಕಳೆದ ಮಳೆಗಾಲದಲ್ಲಿ ಬೆಳಗಾಗುವ ಮೊದಲೇ ಅವಳ ಫೋನ್ ಬಂತು. “ಅಣ್ಣಾ, ನಿನ್ನೆ ಸಂಜೆ ಒಂದು ಮಣಕ ಎಮ್ಮೆ ಬಿತ್ತು. ದುಡ್ಡು ರಾತ್ರಿಯೇ ಕೊಟ್ಟೆವು. ನೀವು ನಂಬರ್ ಬರೆದುಕೊಳ್ಳಿ.” ಹನ್ನೆರಡು ಅಂಕಿಗಳನ್ನೂ ಒಂದೊಂದಾಗಿ ಓದಿದಳು. ಹೆಣ ಎಲ್ಲಿದೆ ಎಂದು ಕೇಳಿದೆ. ಬಿದ್ದಲ್ಲೇ ಇದೆ, ಯಾರೂ ಮುಟ್ಟಿಲ್ಲ ಎಂದಳು.